ಸ್ಪೇಸ್‌ಶಿಪ್ಪಿಗೆ ಮೆಟ್ಟಿಲು ಯಾಕೆ? ಸೈನ್ಸ್ ಫಿಕ್ಷನ್ ಬಗ್ಗೆ ನಿಮ್ಮದೇ ಅಭಿಪ್ರಾಯ ಕಟ್ಟಿಕೊಳ್ಳುವ ಬಗೆ

ನನ್ನ ತಮ್ಮ ವೀಲ್‌ಚೇರ್‌ನಲ್ಲಿ ಓಡಾಡುವವನು. ಅವನಿಗೆ ಹದಿನಾಲ್ಕು ವರ್ಷ ಆಗಿದ್ದಾಗ ಒಂದು ರಾತ್ರಿ ಇಬ್ಬರೂ ಕೂತು ಒಂದು ಸ್ಪೇಸ್ ಸಿನಿಮಾ ನೋಡುತ್ತಿದ್ದೆವು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹಾರುವ ಹಡಗು. ಗೋಡೆಗಳು ಮಾತಾಡುತ್ತವೆ, ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ತಮ್ಮ ರಿಮೋಟ್ ಒತ್ತಿ ಸಿನಿಮಾ ನಿಲ್ಲಿಸಿದ. "ಅಕ್ಕಾ, ಇಷ್ಟೆಲ್ಲ ಮಾಡಿದ್ದಾರೆ. ಕ್ಯಾಪ್ಟನ್ ಕೂರೋ ಜಾಗಕ್ಕೆ ಯಾಕೆ ಮೂರು ಮೆಟ್ಟಿಲು ಇಟ್ಟಿದ್ದಾರೆ?" ಅಂದ.

ಆ ಸಿನಿಮಾವನ್ನು ನಾನು ಅದಕ್ಕೂ ಮೊದಲು ಎರಡು ಸಲ ನೋಡಿದ್ದೆ. ಮೆಟ್ಟಿಲು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಮರುದಿನ ಒಂದು ನೋಟ್‌ಬುಕ್ ಶುರು ಮಾಡಿದೆ. ಹನ್ನೊಂದು ವರ್ಷದಲ್ಲಿ ಈಗ ನಾಲ್ಕನೆಯದು ನಡೆಯುತ್ತಿದೆ. ನೋಡಿದ ಸೈನ್ಸ್ ಫಿಕ್ಷನ್ ಸಿನಿಮಾ, ಓದಿದ ಪುಸ್ತಕ, ಅದರಲ್ಲಿ ಯಾರಿದ್ದರು, ಏನು ಮಾಡಿದರು, ಯಾರು ಇರಲೇ ಇಲ್ಲ ಅಂತ ಬರೆದಿಡುತ್ತೇನೆ. ತಿಂಗಳಿಗೊಮ್ಮೆ ಐದಾರು ಜನ ಗೆಳೆಯರು ಸೇರಿ ಇದೇ ವಿಷಯ ಮಾತಾಡುತ್ತೇವೆ. ಪಾತ್ರಗಳಲ್ಲಿ ಎಲ್ಲ ಥರದ ಜನರಿಗೂ ಜಾಗ ಸಿಕ್ಕಿದೆಯಾ ಅನ್ನೋ ಪ್ರಶ್ನೆ ಬಂದ ಕೂಡಲೇ ದನಿ ಏರುತ್ತದೆ. ಒಬ್ಬರು "ಸೂಪರ್" ಅಂತಾರೆ. ಇನ್ನೊಬ್ಬರು "ಸುಮ್ನೆ ತುರುಕಿದ್ದಾರೆ" ಅಂತಾರೆ. ಯಾಕೆ ಅಂತ ಕೇಳಿದರೆ ಇಬ್ಬರೂ ತಡವರಿಸುತ್ತಾರೆ. ಆ "ಯಾಕೆ"ಗೆ ಉತ್ತರ ಹುಡುಕುವುದು ಯಾರು ಬೇಕಾದರೂ ಕಲಿಯಬಹುದಾದ ಕೆಲಸ. ನಾನು ಮಾಡುವ ರೀತಿ ಹೇಳುತ್ತೇನೆ. ಅದರ ತಿರುಳು ಇಷ್ಟೇ: ತೆರೆಯ ಮೇಲೆ ಯಾರು ಕಾಣಿಸುತ್ತಾರೆ ಅನ್ನುವುದಕ್ಕಿಂತ, ಯಾರ ತೀರ್ಮಾನದಿಂದ ಕಥೆ ಮುಂದೆ ಹೋಗುತ್ತದೆ ಅಂತ ನೋಡಬೇಕು.

ಮೊದಲ ಸಲ ಸುಮ್ನೆ ನೋಡಿ

ಮೊದಲ ಸಲ ನೋಟ್‌ಬುಕ್ ತೆಗೆಯಲೇಬೇಡಿ. ಕಥೆ ಎಳೆದ ಕಡೆ ಹೋಗಿ. ಹೆದರಿಸಿದರೆ ಹೆದರಿ, ಅಳು ಬಂದರೆ ಅಳಿ. ಮುಗಿದ ಮೇಲೆ, ಬೇರೆ ಯಾರ ಮಾತೂ ಕಿವಿಗೆ ಬೀಳುವ ಮೊದಲೇ, ಒಂದೇ ಒಂದು ಸಾಲು ಬರೆಯಿರಿ. "ಕೊನೆಯಲ್ಲಿ ಖುಷಿ ಆಯ್ತು, ಆದರೆ ಆ ಡಾಕ್ಟರ್ ಸತ್ತದ್ದು ಯಾಕೋ ಸರಿ ಕಾಣಲಿಲ್ಲ." ಅಷ್ಟು ಸಾಕು. ಆ "ಯಾಕೋ" ಅನ್ನುವ ಪದವೇ ಮುಂದಿನ ಕೆಲಸದ ಬುಡ. ಬೇರೆಯವರ ಅಭಿಪ್ರಾಯ ಕೇಳಿದ ಮೇಲೆ ನಮ್ಮ ಮೊದಲ ಅನಿಸಿಕೆ ಯಾವುದು, ಅವರಿಂದ ಬಂದದ್ದು ಯಾವುದು ಅಂತ ಬೇರೆ ಮಾಡುವುದು ತುಂಬಾ ಕಷ್ಟ.

ಪುಸ್ತಕಕ್ಕೂ ಇದೇ ಕ್ರಮ. ಪುಸ್ತಕ ಓದುವಾಗ ಇನ್ನೂ ಒಂದು ಕೆಲಸ ಮಾಡಿ. ಮೂವತ್ತು ಪುಟ ಆದ ಮೇಲೆ ನಿಲ್ಲಿಸಿ, ನಾಯಕನ ಮುಖ ನಿಮ್ಮ ಮನಸ್ಸಿನಲ್ಲಿ ಹೇಗಿದೆ ಅಂತ ಬರೆಯಿರಿ. ಬಣ್ಣ, ವಯಸ್ಸು, ಮೈಕಟ್ಟು. ಇದರಲ್ಲಿ ಲೇಖಕರು ಹೇಳಿದ್ದೆಷ್ಟು, ನೀವೇ ಸೇರಿಸಿಕೊಂಡದ್ದೆಷ್ಟು ಅಂತ ಹಿಂದಕ್ಕೆ ಹೋಗಿ ನೋಡಿ.

ಇದನ್ನು ನಾನು ಕಲಿತದ್ದು ರಾಬರ್ಟ್ ಹೈನ್‌ಲೈನ್ ಅವರ "ಸ್ಟಾರ್‌ಶಿಪ್ ಟ್ರೂಪರ್ಸ್" ಓದುವಾಗ. ಪುಸ್ತಕ ಬಂದದ್ದು 1959ರಲ್ಲಿ, ಸಿನಿಮಾ 1997ರಲ್ಲಿ. ನಾನು ಮೊದಲು ನೋಡಿದ್ದು ಸಿನಿಮಾ. ಅದರಲ್ಲಿ ನಾಯಕ ಜಾನಿ ರಿಕೊ ಪಾತ್ರ ಮಾಡಿದವರು ಬಿಳಿಯ ನಟ. ಪುಸ್ತಕ ಹಿಡಿದಾಗ ಮೊದಲ ಪುಟದಿಂದಲೂ ಅದೇ ಮುಖ ನನ್ನ ಕಣ್ಣ ಮುಂದೆ. ಕೊನೆಗೆ ಬರುತ್ತಾ ಬರುತ್ತಾ ಒಂದು ಮಾತು ಸಿಕ್ಕಿತು. ರಿಕೊ ತನ್ನ ಮನೆಮಾತು ತಗಾಲೊಗ್ ಅಂತ ಹೇಳುತ್ತಾನೆ. ಅಂದರೆ ಅವನು ಫಿಲಿಪಿನೋ. ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಕೂತೆ. ಇಡೀ ಪುಸ್ತಕ ಅವನ ಜೊತೆ ನಡೆದಿದ್ದೆ, ಅವನ ಮುಖ ಮಾತ್ರ ನಾನು ನೋಡಿರಲೇ ಇಲ್ಲ. ಮತ್ತೆ ಮೊದಲಿನಿಂದ ಓದಿದೆ. ಸಂಭಾಷಣೆ ಅದೇ, ಯುದ್ಧ ಅದೇ. ಆದರೂ ಬೇರೆ ಹುಡುಗನ ಕಥೆ ಓದಿದ ಹಾಗಿತ್ತು.

ಲೇಖಕರು ಅದನ್ನು ಅಷ್ಟು ತಡವಾಗಿ ಹೇಳಿದ್ದು ಒಳ್ಳೆಯದೋ ಕೆಟ್ಟದ್ದೋ? ನಮ್ಮ ಗುಂಪಿನಲ್ಲಿ ಇದರ ಬಗ್ಗೆ ಎರಡು ಪಂಗಡ. "ಬಣ್ಣ ಮುಖ್ಯವೇ ಅಲ್ಲದ ಕಾಲವನ್ನು ತೋರಿಸಿದ್ದಾರೆ" ಅಂತ ಕೆಲವರು. "ಮುಚ್ಚಿಟ್ಟು ಕೊನೆಗೆ ಹೇಳಿದರೆ ಎಷ್ಟು ಜನಕ್ಕೆ ತಲುಪುತ್ತದೆ?" ಅಂತ ಇನ್ನು ಕೆಲವರು. ನಾನು ಎರಡನೆಯ ಪಂಗಡ. ಸಿನಿಮಾ ಮಾಡಿದವರು ಅದನ್ನು ಬಿಟ್ಟೇಬಿಟ್ಟರಲ್ಲ! ಒಂದೇ ಸಾಲಿನಲ್ಲಿ ಇರುವುದನ್ನು ಬಿಡುವುದು ಸುಲಭ. ಹಾಗಾಗಿ ಸಿನಿಮಾಕ್ಕೆ ಮೂಲ ಪುಸ್ತಕ ಇದ್ದರೆ ಅದನ್ನು ಓದದೆ ಕೊನೆಯ ಮಾತು ಹೇಳಬೇಡಿ.

ಎರಡನೆಯ ಸಲ, ನೋಟ್‌ಬುಕ್ ಹಿಡಿದು

ಈಗ ಮೂರು ಪ್ರಶ್ನೆ ಇಟ್ಟುಕೊಂಡು ನೋಡಿ. ಈ ಪಾತ್ರ ತೀರ್ಮಾನ ತೆಗೆದುಕೊಳ್ಳುತ್ತದಾ, ಇಲ್ಲಾ ಬೇರೆಯವರ ತೀರ್ಮಾನಕ್ಕೆ ಬರೀ ತಲೆ ಆಡಿಸುತ್ತದಾ? ಈ ಪಾತ್ರವನ್ನು ತೆಗೆದುಬಿಟ್ಟರೆ ಕಥೆ ನಿಲ್ಲುತ್ತದಾ? ಈ ಪಾತ್ರಕ್ಕೆ ತನ್ನದೇ ಅಂತ ಒಂದು ಆಸೆ ಇದೆಯಾ?

ಎರಡನೆಯ ಪ್ರಶ್ನೆ ನನಗೆ ಜಾಸ್ತಿ ಇಷ್ಟ. 2018ರ "ಎ ಕ್ವೈಟ್ ಪ್ಲೇಸ್" ತೆಗೆದುಕೊಳ್ಳಿ. (ಕಥೆಯ ಗುಟ್ಟು ಹೇಳುತ್ತಿದ್ದೇನೆ, ನೋಡದವರು ಈ ಪ್ಯಾರಾ ಬಿಟ್ಟುಬಿಡಿ.) ಸದ್ದು ಕೇಳಿಸಿದರೆ ಸಾಕು, ಬಂದು ಕೊಲ್ಲುವ ಪ್ರಾಣಿಗಳು. ಆ ಮನೆಯ ದೊಡ್ಡ ಮಗಳಿಗೆ ಕಿವಿ ಕೇಳುವುದಿಲ್ಲ. ಆ ಪಾತ್ರ ಮಾಡಿದ ಮಿಲಿಸೆಂಟ್ ಸಿಮಂಡ್ಸ್ ಅವರಿಗೂ ಕೇಳುವುದಿಲ್ಲ. ಮನೆಯವರಿಗೆಲ್ಲ ಸನ್ನೆ ಭಾಷೆ ಮೊದಲೇ ಗೊತ್ತು, ಅದಕ್ಕೇ ಮಾತಿಲ್ಲದ ಜಗತ್ತಿನಲ್ಲೂ ಅವರು ಮಾತಾಡಬಲ್ಲರು. ಕೊನೆಗೆ ಆ ಪ್ರಾಣಿಗಳನ್ನು ಸೋಲಿಸುವ ದಾರಿ ಸಿಗುವುದು ಅವಳ ಕಿವಿಯ ಯಂತ್ರದಿಂದ, ಅದನ್ನು ಕಂಡುಹಿಡಿಯುವವಳೂ ಅವಳೇ. ಈಗ ಅವಳನ್ನು ಕಥೆಯಿಂದ ತೆಗೆದು ನೋಡಿ. ಏನು ಉಳಿಯುತ್ತದೆ? ಏನೂ ಇಲ್ಲ. ಇದು ತುರುಕಿದ ಪಾತ್ರ ಅಲ್ಲವೇ ಅಲ್ಲ ಅಂತ ಹೇಳಲು ಇಷ್ಟು ಆಧಾರ ಸಾಕು.

ಒಂದೇ ಸಿನಿಮಾದಲ್ಲಿ ಎರಡು ಉತ್ತರ ಸಿಗುವುದೂ ಉಂಟು. 2009ರ "ಅವತಾರ್" ನೋಡುವಾಗ ನನಗೆ ಹಾಗಾಯ್ತು. ನಾಯಕ ಜೇಕ್ ಸಲ್ಲಿ ಸೈನ್ಯದಲ್ಲಿದ್ದವನು, ವೀಲ್‌ಚೇರ್ ಬಳಸುತ್ತಾನೆ. ಕಥೆ ನಡೆಯುವುದು 2154ರಲ್ಲಿ. ನನಗೆ ಸಿಟ್ಟು ಬರುವ ಜಾಗ ಮೊದಲೇ ಗೊತ್ತಿತ್ತು: ಕೊನೆಯಲ್ಲಿ ಅವನಿಗೆ ನಡೆಯುವ ಹೊಸ ಮೈ ಶಾಶ್ವತವಾಗಿ ಸಿಗುತ್ತದೆ, ಹಳೆಯ ಮೈ ಅಲ್ಲೇ ಬಿದ್ದುಹೋಗುತ್ತದೆ. "ವಾಸಿಯಾದರೆ ಮಾತ್ರ ಸುಖ" ಅಂತ ಹೇಳುವ ಕಥೆ ಇದು ಅಂತ ಒಂದು ಪುಟ ತುಂಬಾ ಬರೆದು ತಮ್ಮನಿಗೆ ಓದಿ ಹೇಳಿದೆ.

ಅವನು ಒಪ್ಪಲಿಲ್ಲ. ಸಿನಿಮಾವನ್ನು ಹಿಂದಕ್ಕೆ ಓಡಿಸಿ ಒಂದು ಸೀನ್ ತೋರಿಸಿದ. ಜೇಕ್ ಒಂದು ಯಂತ್ರದ ಹಾಸಿಗೆಗೆ ಹತ್ತುತ್ತಾನೆ; ಅದರಲ್ಲಿ ಮಲಗಿದಷ್ಟು ಹೊತ್ತು ಅವನ ಮನಸ್ಸು ಆ ಹೊಸ ಮೈಯೊಳಗೆ ಇರುತ್ತದೆ. ತನ್ನ ಕಾಲುಗಳನ್ನು ತಾನೇ ಕೈಯಿಂದ ಎತ್ತಿ ಒಳಗೆ ಇಟ್ಟುಕೊಳ್ಳುತ್ತಾನೆ. "ನಾನು ದಿನಾ ಬೆಳಿಗ್ಗೆ ಹೀಗೇ ಮಾಡೋದು ಅಕ್ಕಾ. ಸಿನಿಮಾದಲ್ಲಿ ಇದನ್ನ ಯಾರೂ ತೋರಿಸಲ್ಲ" ಅಂದ. ಆಮೇಲೆ ಹೊಸ ಮೈಯಲ್ಲಿ ಓಡಿ ಹೋಗಿ ಕಾಲಿನ ಬೆರಳುಗಳನ್ನು ಮಣ್ಣಿಗೆ ಒತ್ತುವ ಸೀನ್. ಅದನ್ನು ಎರಡು ಸಲ ನೋಡಿದ. ಏನೂ ಮಾತಾಡಲಿಲ್ಲ.

ಅವನು ಹಿಡಿದದ್ದು ಬೇರೆಯೇ ಎಳೆ. ಬೆನ್ನುಹುರಿ ಸರಿ ಮಾಡುವ ಚಿಕಿತ್ಸೆ ಆ ಕಾಲದಲ್ಲಿ ಇದೆ, ಆದರೆ ಮಾಜಿ ಸೈನಿಕನಿಗೆ ಸಿಗುವ ಹಣದಲ್ಲಿ ಅದು ಆಗುವುದಿಲ್ಲ ಅಂತ ಜೇಕ್ ಹೇಳುತ್ತಾನೆ. ಕಾಲು ವಾಪಸ್ ಕೊಡಿಸುತ್ತೇನೆ ಅಂತ ಕರ್ನಲ್ ಆಸೆ ತೋರಿಸುವುದು ಅದೇ ಬಡತನವನ್ನು ಹಿಡಿದುಕೊಂಡು. "ಅವನನ್ನ ಕಟ್ಟಿಹಾಕಿರೋದು ಕುರ್ಚಿ ಅಲ್ಲ, ದುಡ್ಡು. ಇದು ನಿಜ. ಆದ್ರೆ ಇಷ್ಟು ದೊಡ್ಡ ಜಾಗದಲ್ಲಿ ಕುರ್ಚಿಯಲ್ಲಿರೋನು ಅವನೊಬ್ಬನೇ ಯಾಕೆ? ನನಗೆ ಅದೇ ಬೇಜಾರು." ತಮ್ಮನ ಮಾತನ್ನು ಹಾಗೇ ಬರೆದುಕೊಂಡೆ. ನನ್ನ ಪುಟವನ್ನು ಹರಿಯಲಿಲ್ಲ, ಪಕ್ಕದಲ್ಲೇ ಇದೆ. ಕೊನೆಯ ಬಗ್ಗೆ ನನ್ನ ಅಭಿಪ್ರಾಯ ಈಗಲೂ ಬದಲಾಗಿಲ್ಲ. ಆದರೆ ಆ ಪುಟ ಅರ್ಧ ಸಿನಿಮಾದ ಬಗ್ಗೆ ಮಾತ್ರ ಇತ್ತು.

ಇದರಿಂದ ಒಂದು ನಿಯಮ ಮಾಡಿಕೊಂಡೆ. ಬೇರೊಬ್ಬರ ಬದುಕು ತೆರೆಯ ಮೇಲೆ ಬಂದಾಗ, ಆ ಬದುಕು ಬದುಕುವವರನ್ನು ಕೇಳಬೇಕು. ಕೇಳುವಾಗ "ಇದು ನಿಮಗೆ ನೋವು ಮಾಡಿತಾ?" ಅಂತ ಕೇಳಬೇಡಿ, ಉತ್ತರವನ್ನು ನೀವೇ ಬಾಯಿಗೆ ಇಟ್ಟಂತಾಗುತ್ತದೆ. "ಯಾವ ಸೀನ್ ನಿಜ ಅನ್ನಿಸಿತು?" ಅಂತ ಕೇಳಿ. ಒಬ್ಬರು ಹೇಳಿದ್ದನ್ನು ಎಲ್ಲರ ಮಾತು ಅಂತಲೂ ತಿಳಿಯಬೇಡಿ. ನನ್ನ ತಮ್ಮನ ಗೆಳತಿಯೊಬ್ಬಳು, ಅವಳೂ ವೀಲ್‌ಚೇರ್ ಬಳಸುವವಳು, ಅದೇ ಸಿನಿಮಾವನ್ನು ಅರ್ಧಕ್ಕೇ ನಿಲ್ಲಿಸಿದ್ದಾಳೆ.

ಪರೀಕ್ಷೆಗಳನ್ನು ಹೇಗೆ ಬಳಸಬೇಕು

ಬೆಕ್‌ಡೆಲ್ ಪರೀಕ್ಷೆ ಬಗ್ಗೆ ಕೇಳಿರುತ್ತೀರಿ. 1985ರಲ್ಲಿ ಅಲಿಸನ್ ಬೆಕ್‌ಡೆಲ್ ಅವರ ಕಾಮಿಕ್ಸ್ ಒಂದರಲ್ಲಿ ಬಂದದ್ದು. ಕಥೆಯಲ್ಲಿ ಕನಿಷ್ಠ ಇಬ್ಬರು ಹೆಂಗಸರು ಇರಬೇಕು, ಅವರು ಒಬ್ಬರ ಜೊತೆ ಒಬ್ಬರು ಮಾತಾಡಬೇಕು, ಗಂಡಸನ್ನು ಬಿಟ್ಟು ಬೇರೆ ವಿಷಯ ಮಾತಾಡಬೇಕು. ಇಷ್ಟೇ. ಒಂದು ಸಲ ಈ ಕಣ್ಣಿಂದ ನೋಡಿದರೆ ಎಷ್ಟು ಸಿನಿಮಾ ಬಿದ್ದುಹೋಗುತ್ತವೆ ಅಂತ ಗಾಬರಿ ಆಗುತ್ತದೆ.

ಆದರೆ ಒಂದೇ ಸಿನಿಮಾಕ್ಕೆ ಅಂಕ ಹಾಕಲು ಇದು ಸರಿಯಾದ ಅಳತೆ ಅಲ್ಲ. 2013ರ "ಪೆಸಿಫಿಕ್ ರಿಮ್" ಇದರಲ್ಲಿ ಫೇಲ್. ಆದರೆ ಅದರಲ್ಲಿ ಮಾಕೊ ಮೋರಿ ಅನ್ನೋ ಪಾತ್ರ ಇದೆ. ಅವಳಿಗೆ ತನ್ನದೇ ನೋವು, ತನ್ನದೇ ಗುರಿ, ತನ್ನದೇ ಹೋರಾಟ. ಅಭಿಮಾನಿಗಳು ಅವಳ ಹೆಸರಲ್ಲೇ ಇನ್ನೊಂದು ಪರೀಕ್ಷೆ ಮಾಡಿಕೊಂಡರು: ಒಬ್ಬ ಹೆಂಗಸಾದರೂ ಇರಬೇಕು, ಅವಳಿಗೆ ತನ್ನದೇ ಕಥೆ ಇರಬೇಕು, ಆ ಕಥೆ ಗಂಡಸಿನ ಕಥೆಗೆ ಊರುಗೋಲು ಆಗಿರಬಾರದು. ಹತ್ತಿಪ್ಪತ್ತು ಸಿನಿಮಾ ಸೇರಿಸಿ ನೋಡುವಾಗ ಬೆಕ್‌ಡೆಲ್, ಒಂದೇ ಪಾತ್ರವನ್ನು ಹತ್ತಿರದಿಂದ ನೋಡುವಾಗ ಮಾಕೊ ಮೋರಿ. ನಾನು ಹಾಗೆ ಬಳಸುತ್ತೇನೆ.

ಕಥೆಯ ಹಿಂದೆ ಏನಾಯ್ತು ಅಂತ ಹುಡುಕಿ

"ಮೊದಲೆಲ್ಲ ಹೀಗಿರಲಿಲ್ಲ, ಇದೆಲ್ಲ ಈಗ ಬಂದ ಫ್ಯಾಷನ್" ಅನ್ನೋ ಮಾತು ನಮ್ಮ ಗುಂಪಿನಲ್ಲೂ ಬರುತ್ತದೆ. ಆಗ ನನ್ನ ಹತ್ತಿರ ಕೆಲವು ಇಸವಿಗಳು ಸಿದ್ಧ ಇರುತ್ತವೆ. ಮೇರಿ ಶೆಲ್ಲಿ "ಫ್ರಾಂಕನ್‌ಸ್ಟೈನ್" ಪ್ರಕಟಿಸಿದ್ದು 1818ರಲ್ಲಿ. ಬಂಗಾಳದ ಲೇಖಕಿ ರೊಕೆಯಾ ಹುಸೇನ್ "ಸುಲ್ತಾನಾಸ್ ಡ್ರೀಮ್" ಬರೆದದ್ದು 1905ರಲ್ಲಿ. ಅದರಲ್ಲಿ ಹೆಂಗಸರು ಬಿಸಿಲಿನ ಶಾಖ ಹಿಡಿದಿಡುತ್ತಾರೆ, ಮೋಡದಿಂದ ನೀರು ಎಳೆದುಕೊಳ್ಳುತ್ತಾರೆ, ಗಂಡಸರು ಮನೆಯೊಳಗೆ ಇರುತ್ತಾರೆ. "ಸ್ಟಾರ್ ಟ್ರೆಕ್" ಟಿವಿ ಸರಣಿ ಶುರುವಾದ 1966ರಲ್ಲೇ ಹಡಗಿನ ಅಧಿಕಾರಿಗಳಲ್ಲಿ ಒಬ್ಬಳು ಕಪ್ಪು ಹೆಂಗಸು, ಉಹುರಾ.

ಉಹುರಾ ಪಾತ್ರ ಮಾಡಿದ ನಿಶೆಲ್ ನಿಕೋಲ್ಸ್ ಮೊದಲ ಸೀಸನ್ ಆದ ಮೇಲೆ ಬಿಟ್ಟುಹೋಗಲು ಹೊರಟಿದ್ದರು. ಬಿಡಬೇಡಿ ಅಂತ ಹೇಳಿದವರು ಮಾರ್ಟಿನ್ ಲೂಥರ್ ಕಿಂಗ್. ಇದನ್ನು ನಿಕೋಲ್ಸ್ ಅವರೇ ಎಷ್ಟೋ ಕಡೆ ಹೇಳಿದ್ದಾರೆ. ಉಹುರಾಳನ್ನು ನೋಡುತ್ತಾ ಬೆಳೆದ ಮೇ ಜೆಮಿಸನ್ 1992ರಲ್ಲಿ ಅಂತರಿಕ್ಷಕ್ಕೆ ಹೋದರು, ಹಾಗೆ ಹೋದ ಮೊದಲ ಕಪ್ಪು ಮಹಿಳೆ ಅವರು. ಮರುವರ್ಷ ಅದೇ "ಸ್ಟಾರ್ ಟ್ರೆಕ್" ಸರಣಿಯ ಮುಂದಿನ ತಲೆಮಾರಿನ ಒಂದು ಕಂತಿನಲ್ಲಿ ಚಿಕ್ಕ ಪಾತ್ರವನ್ನೂ ಮಾಡಿದರು. ಉಹುರಾಗೆ ಕೊಟ್ಟ ಡೈಲಾಗ್ ಎಷ್ಟೋ ಕಂತುಗಳಲ್ಲಿ ತೀರಾ ಕಮ್ಮಿ. ನನ್ನ ಮೂರು ಪ್ರಶ್ನೆ ಇಟ್ಟರೆ ಅವಳಿಗೆ ಒಳ್ಳೆಯ ಅಂಕ ಬರುವುದಿಲ್ಲ. ಆದರೂ ಒಂದು ಮಗು ಅವಳನ್ನು ನೋಡಿ ಆಕಾಶಕ್ಕೆ ಹೋಯಿತು. ನನ್ನ ಪ್ರಶ್ನೆಗಳ ಪಕ್ಕದಲ್ಲಿ ಇದನ್ನೂ ಬರೆದಿಟ್ಟಿದ್ದೇನೆ, ಯಾಕೆಂದರೆ ಇದು ನನ್ನ ಲೆಕ್ಕಕ್ಕೆ ಸಿಗದ ವಿಷಯ.

ಸ್ಕ್ರಿಪ್ಟ್ ಬಗ್ಗೆ ತಿಳಿದಷ್ಟೂ ಅಭಿಪ್ರಾಯ ಗಟ್ಟಿಯಾಗುತ್ತದೆ. 1979ರ "ಏಲಿಯನ್" ಸ್ಕ್ರಿಪ್ಟ್‌ನಲ್ಲಿ, ಹಡಗಿನ ಸಿಬ್ಬಂದಿಯ ಯಾವ ಪಾತ್ರವನ್ನಾದರೂ ಗಂಡಸು ಮಾಡಬಹುದು, ಹೆಂಗಸೂ ಮಾಡಬಹುದು ಅಂತ ಬರೆದಿದ್ದರು. ರಿಪ್ಲಿ ಪಾತ್ರ ಸಿಗೋರ್ನಿ ವೀವರ್ ಅವರಿಗೆ ಸಿಕ್ಕಿತು. ಇದು ಗೊತ್ತಾದ ಮೇಲೆ ಮತ್ತೆ ನೋಡಿ. ಸೋಂಕು ತಗುಲಿದವನನ್ನು ಒಳಗೆ ಬಿಡುವುದಿಲ್ಲ ಅಂತ ಅವಳು ನಿಯಮ ಹಿಡಿದು ನಿಲ್ಲುವ ಸೀನ್‌ನಲ್ಲಿ ಅವಳು ಹೆಂಗಸು ಅನ್ನುವ ಸಮಜಾಯಿಷಿ ಎಲ್ಲೂ ಇಲ್ಲ. ಅವಳು ಅಧಿಕಾರಿ, ಅಷ್ಟೇ. ಅವಳ ಮಾತನ್ನು ಮೀರಿ ಬಾಗಿಲು ತೆರೆದದ್ದರಿಂದಲೇ ಮುಂದಿನ ಅನಾಹುತವೆಲ್ಲ.

ಬರೆದವರು ಯಾರು ಅನ್ನೋದನ್ನೂ ನೋಡಿ. ಕಪ್ಪು ಲೇಖಕ ಸ್ಯಾಮ್ಯುಯೆಲ್ ಡಿಲೇನಿ "ನೋವಾ" ಕಾದಂಬರಿಯನ್ನು ಪ್ರಕಟಣೆಗೂ ಮೊದಲು ಧಾರಾವಾಹಿಯಾಗಿ ಒಂದು ದೊಡ್ಡ ಪತ್ರಿಕೆಗೆ ಕಳಿಸಿದಾಗ, ಸಂಪಾದಕ ಜಾನ್ ಕ್ಯಾಂಬೆಲ್ ಬೇಡ ಅಂದರು. ಕಪ್ಪು ನಾಯಕನನ್ನು ತಮ್ಮ ಓದುಗರು ಒಪ್ಪಲಾರರು ಅನ್ನುವುದು ಕಾರಣ. ಡಿಲೇನಿ ಅವರೇ ಇದನ್ನು ಬರೆದಿದ್ದಾರೆ. ಕಾದಂಬರಿ 1968ರಲ್ಲಿ ಪುಸ್ತಕವಾಗಿ ಬಂತು. ಅದಾಗಿ ಐವತ್ತು ವರ್ಷಕ್ಕೆ, 2018ರಲ್ಲಿ, ಎನ್. ಕೆ. ಜೆಮಿಸಿನ್ ಅನ್ನೋ ಕಪ್ಪು ಲೇಖಕಿ ಸೈನ್ಸ್ ಫಿಕ್ಷನ್‌ನ ಅತ್ಯುತ್ತಮ ಕಾದಂಬರಿಗೆ ಕೊಡುವ ಹ್ಯೂಗೊ ಪ್ರಶಸ್ತಿಯನ್ನು ಸತತ ಮೂರನೆಯ ವರ್ಷ ಗೆದ್ದರು. ಹ್ಯೂಗೊಗೆ ಮತ ಹಾಕುವವರು ಓದುಗರು, ಅಭಿಮಾನಿಗಳು. ಓದುಗರು ಒಪ್ಪುವುದಿಲ್ಲ ಅಂತ ಯಾರೋ ಒಬ್ಬರು ಓದುಗರ ಪರವಾಗಿ ತೀರ್ಮಾನಿಸಿದಾಗಲೆಲ್ಲ ನನಗೆ ಈ ಎರಡು ಇಸವಿ ನೆನಪಾಗುತ್ತವೆ.

ಆದರೆ ಹೆಸರು ನೋಡಿ ಊಹೆ ಮಾಡಬೇಡಿ. ಜೇಮ್ಸ್ ಟಿಪ್ಟ್ರೀ ಜೂನಿಯರ್ ಅನ್ನೋ ಹೆಸರಲ್ಲಿ ಸೈನ್ಸ್ ಫಿಕ್ಷನ್ ಬರೆಯುತ್ತಿದ್ದವರ ಬರವಣಿಗೆ ನೋಡಿದರೆ ಗಂಡಸೇ ಬರೆದದ್ದು ಅಂತ ಅನುಭವಿ ಲೇಖಕರೊಬ್ಬರು ಮುನ್ನುಡಿಯಲ್ಲೇ ಬರೆದಿದ್ದರು. 1970ರ ದಶಕದ ಕೊನೆಗೆ ಗೊತ್ತಾಯ್ತು, ಅವರು ಆಲಿಸ್ ಶೆಲ್ಡನ್ ಅನ್ನುವ ಮಹಿಳೆ.

ಹೇಳುವಾಗ

ಮಾತಿನಲ್ಲಿ ಒಂದು ಸೀನ್ ಇರಲೇಬೇಕು. "ಹೆಂಗಸರಿಗೆ ಬೆಲೆ ಕೊಟ್ಟಿಲ್ಲ" ಅಂದರೆ ಎದುರಿನವರು "ಕೊಟ್ಟಿದ್ದಾರೆ" ಅಂತಾರೆ, ಮಾತು ಅಲ್ಲಿಗೇ ಮುಗಿಯಿತು. "ವಿಜ್ಞಾನಿ ಅಂತ ಪರಿಚಯ ಮಾಡಿಸಿದ ಮೇಲೆ ಅವಳು ಒಂದು ಸಲವೂ ಲ್ಯಾಬ್‌ಗೆ ಹೋಗಲಿಲ್ಲ" ಅಂತ ಹೇಳಿ ನೋಡಿ. ಎದುರಿನವರು ನೆನಪು ಮಾಡಿಕೊಳ್ಳಲು ಶುರು ಮಾಡುತ್ತಾರೆ. "ಇಲ್ಲ, ಮಧ್ಯದಲ್ಲಿ ಒಮ್ಮೆ ಹೋಗ್ತಾಳೆ" ಅಂದರೂ ಒಳ್ಳೆಯದೇ. ನಿಮ್ಮ ನೋಟ್‌ಬುಕ್ ತಿದ್ದಿಕೊಳ್ಳಿ.

ನನಗೆ ಹಿಡಿಸಲಿಲ್ಲ ಅನ್ನೋದು ಬೇರೆ, ಕಥೆ ಸೋತಿದೆ ಅನ್ನೋದು ಬೇರೆ, ಅದರಲ್ಲಿ ಯಾರಿಗೋ ಅನ್ಯಾಯ ಆಗಿದೆ ಅನ್ನೋದು ಬೇರೆ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಮೂರೂ ಕಳೆದುಹೋಗುತ್ತವೆ. ಯಾವುದನ್ನು ಹೇಳುತ್ತಿದ್ದೀರಿ ಅಂತ ಮೊದಲೇ ಹೇಳಿ.

ಇನ್ನೊಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಪಾತ್ರದ ಮೇಲಿನ ಸಿಟ್ಟನ್ನು ನಟರ ಮೇಲೆ ಹಾಕಬೇಡಿ. 2017ರ "ಸ್ಟಾರ್ ವಾರ್ಸ್" ಸಿನಿಮಾದಲ್ಲಿ ರೋಸ್ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್ ಅವರನ್ನು ಅಭಿಮಾನಿ ಅಂತ ಹೇಳಿಕೊಳ್ಳುವವರೇ ಎಷ್ಟು ಹೀನಾಯವಾಗಿ ಬೈದರು ಅಂದರೆ, ಮರುವರ್ಷ ಅವರು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದನ್ನೆಲ್ಲ ಅಳಿಸಿಹಾಕಿದರು. ಬೈದವರು ಅವರ ಮುಖದ ಬಗ್ಗೆ, ಹುಟ್ಟಿನ ಬಗ್ಗೆ ಮಾತಾಡಿದರು. ಡೈಲಾಗ್ ಬರೆದದ್ದು ಅವರಲ್ಲ, ಸೀನ್ ಕತ್ತರಿಸಿದ್ದು ಅವರಲ್ಲ. ನಮ್ಮ ಗುಂಪಿನಲ್ಲಿ ಯಾರಾದರೂ ಆ ದಾರಿ ಹಿಡಿದರೆ ನಾನು ಅಲ್ಲೇ ನಿಲ್ಲಿಸುತ್ತೇನೆ. ಎಷ್ಟೇ ಹಳೆಯ ಗೆಳೆಯರಾಗಿರಲಿ.

ಪುಟಕ್ಕೆ ತಾರೀಕು ಹಾಕಿ, ಜಾಗ ಬಿಡಿ

ನಾಲ್ಕೈದು ವರ್ಷ ಆದ ಮೇಲೆ ಅದೇ ಸಿನಿಮಾ ಮತ್ತೆ ನೋಡಿ, ಬೇರೆ ಬಣ್ಣದ ಪೆನ್ನಿನಲ್ಲಿ ಕೆಳಗೆ ಬರೆಯಿರಿ. ಹಳೆಯದನ್ನು ಹೊಡೆದುಹಾಕಬೇಡಿ. ಅದಕ್ಕೇ ಪ್ರತಿ ಪುಟದ ಕೆಳಗೆ ಅರ್ಧ ಜಾಗ ಖಾಲಿ ಬಿಡಬೇಕು.

ಮೊದಲ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಮ್ಮನ ಮೆಟ್ಟಿಲಿನ ಪ್ರಶ್ನೆ ಇದೆ. ಅದರ ಕೆಳಗೆ ತುಂಬಾ ವರ್ಷ ಏನೂ ಇರಲಿಲ್ಲ. ಹೋದ ವರ್ಷ ಇಬ್ಬರೂ "ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್" ಸರಣಿಯ 1993ರ "ಮೆಲೋರಾ" ಕಂತು ನೋಡಿದೆವು. ಮೆಲೋರಾ ಕಡಿಮೆ ಗುರುತ್ವದ ಗ್ರಹದಿಂದ ಬಂದವಳು, ನಕ್ಷತ್ರಗಳ ನಕ್ಷೆ ಬರೆಯುವ ಅಧಿಕಾರಿ. ಬೇರೆಯವರ ಅಳತೆಗೆ ಕಟ್ಟಿದ ಆ ನಿಲ್ದಾಣದಲ್ಲಿ ಅವಳಿಗೆ ವೀಲ್‌ಚೇರ್ ಬೇಕು. ತನ್ನ ಕೋಣೆಯಲ್ಲಿ ಗುರುತ್ವ ಕಮ್ಮಿ ಮಾಡಿಕೊಂಡರೆ ಹಕ್ಕಿಯ ಹಾಗೆ ತೇಲುತ್ತಾಳೆ. ನಡೆಯುವ ಹಾಗೆ ಮಾಡುವ ಚಿಕಿತ್ಸೆ ಇದೆ ಅಂತ ಡಾಕ್ಟರ್ ಹೇಳುತ್ತಾರೆ. ಶುರು ಮಾಡಿ, ಆಮೇಲೆ ಅವಳೇ ಬೇಡ ಅನ್ನುತ್ತಾಳೆ. ಅದನ್ನು ಪೂರ್ತಿ ಮಾಡಿಸಿಕೊಂಡರೆ ತನ್ನ ಊರಿನ ಹಾಗೆ ಮತ್ತೆಂದೂ ತೇಲಲು ಆಗುವುದಿಲ್ಲ.

ಕಂತು ಮುಗಿದ ಮೇಲೆ ತಮ್ಮ ನೋಟ್‌ಬುಕ್ ಕೇಳಿ ತೆಗೆದುಕೊಂಡ. ಹಸಿರು ಪೆನ್ನಿನಲ್ಲಿ ಹಳೆಯ ಪ್ರಶ್ನೆಯ ಕೆಳಗೆ ಬರೆದ: "ಇವಳಿಗೂ ನಿಲ್ದಾಣ ಹೊಂದುವುದಿಲ್ಲ. ಆದರೆ ಇಲ್ಲಿ ಅದನ್ನು ಕಥೆಯೇ ಹೇಳುತ್ತದೆ, ನಾನು ಸಿನಿಮಾ ನಿಲ್ಲಿಸಿ ಕೇಳಬೇಕಾಗಲಿಲ್ಲ."